ನಿಧಾನವಾಗಿ ನಡೆದರೆ ಕಾಣುವ ಸೀಮೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸ್ಮರಣ ಸಂಚಿಕೆಯ ಸಮಿತಿಯವರು ನನಗೆ ಫೋನ್ ಮಾಡಿ, "ನೀನು ರಜೆ ಬಂದರೆ ಬೆಟ್ಟ ಕಾಡು ಸುತ್ತುತ್ತೀಯಂತೆ, ಅದರ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ" ಎಂದರು. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಸಾಮಾನ್ಯವಾಗಿ ಇಂಥ ವೇದಿಕೆಯಲ್ಲಿ ಇಂಟರ್‌ವ್ಯೂ ಎದುರಿಸುವುದು ಹೇಗೆ, ಯಾವ ಕೋರ್ಸ್ ಒಳ್ಳೆಯದು ಎಂದು ಹೇಳಬೇಕು. ಅದನ್ನು ಊಟದ ನಂತರ ಯಾರು ಬೇಕಾದರೂ ನನ್ನನ್ನು ಕೇಳಬಹುದು. ಈಗ ಸಮಿತಿಯವರು ಕೊಟ್ಟ ವಿಷಯಕ್ಕೇ ಬರುತ್ತೇನೆ. ಮಕ್ಕಳು ಹಿಮಾಲಯದ ಫೋಟೋ ತೋರಿಸುತ್ತಾರೆಂದು ಕಾದಿದ್ದರೆ ಕ್ಷಮಿಸಬೇಕು. ನಾನು ಹೇಳಹೊರಟಿರುವುದು ನಮ್ಮ ಸೀಮೆಯಲ್ಲೇ ಐದು ದಿನ ನಡೆದ ಕಥೆ.

ನಿಧಾನದ ಪ್ರವಾಸ ಎಂದು ನಾನು ಕರೆಯುವುದು ಇಷ್ಟೇ. ಕಾಲ್ನಡಿಗೆಯಲ್ಲಿ ಹೋಗುವುದು, ಅದು ಆಗದಿದ್ದರೆ ಸರ್ಕಾರಿ ಬಸ್ಸಿನಲ್ಲಿ ಹೋಗುವುದು. ಒಂದು ದಿನಕ್ಕೆ ಹತ್ತು ಜಾಗ ನೋಡುವ ಬದಲು ಒಂದು ಜಾಗದಲ್ಲಿ ಉಳಿಯುವುದು. ಅಲ್ಲಿಯ ಜನ ಮಾತಾಡಿದರೆ ಕೂತು ಕೇಳುವುದು. ಒಬ್ಬ ಸಾಧಾರಣ ಮನುಷ್ಯ ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುತ್ತಾನೆ. ಆ ವೇಗದಲ್ಲಿ ಹೊಲದಲ್ಲಿರುವವರು ನಿಮ್ಮನ್ನು ಕೂಗಿ ಮಾತಾಡಿಸಬಹುದು, ನೀವು ನಿಂತು ಉತ್ತರ ಹೇಳಬಹುದು. ಕಾರಿನಲ್ಲಿ ಹೋಗುವವನಿಗೆ ಇದು ಸಾಧ್ಯವಿಲ್ಲ.

ನಂದಿಬೆಟ್ಟವನ್ನೇ ನೋಡಿ. ಬೆಂಗಳೂರಿನಿಂದ ಸುಮಾರು ೬೦ ಕಿಲೋಮೀಟರ್. ಶನಿವಾರ, ಭಾನುವಾರ ನಸುಕಿನಲ್ಲಿ ಬೆಟ್ಟದ ರಸ್ತೆಯಲ್ಲಿ ಕಾರು, ಬೈಕುಗಳ ಸಾಲು. ಸೂರ್ಯೋದಯ ನೋಡಿ, ಫೋಟೋ ತೆಗೆದು, ತಿಂಡಿ ಹೊತ್ತಿಗೆ ವಾಪಸ್. ನನ್ನ ಜೊತೆ ಕೆಲಸ ಮಾಡುವ ಎಷ್ಟೋ ಜನ ಹತ್ತಾರು ಸಲ ಹಾಗೆ ಬಂದುಹೋಗಿದ್ದಾರೆ. ಬೆಟ್ಟದ ಬುಡದ ಊರಿನ ಒಬ್ಬರ ಹೆಸರೂ ಅವರಿಗೆ ಗೊತ್ತಿಲ್ಲ. ಹಾಗೆ ಬರುವುದು ಅಪರಾಧವೇನಲ್ಲ. ವಾರವಿಡೀ ದುಡಿದವರಿಗೆ ಒಂದು ಬೆಳಗಿನ ತಂಪು ಬೇಕು. ಆದರೆ ಅಷ್ಟರಿಂದ ನಂದಿ ಸೀಮೆಯನ್ನು ನೋಡಿದ ಹಾಗೆ ಆಗುವುದಿಲ್ಲ.

ನಮ್ಮ ಹಿಂದಿನವರಿಗೆ ನಡೆದು ಊರು ನೋಡುವುದು ಹೊಸದಲ್ಲ. ಕೈವಾರದ ತಾತಯ್ಯನವರು ಬಳೆ ಮಲಾರ ಹೊತ್ತು ಊರೂರು ತಿರುಗಿದ ಕಥೆಯನ್ನು ನಾವೆಲ್ಲ ಅಜ್ಜಿಯರ ಬಾಯಲ್ಲಿ ಕೇಳಿದ್ದೇವೆ. ತೆಲುಗಿನಲ್ಲೂ ಕನ್ನಡದಲ್ಲೂ ಅವರು ಹಾಡಿದರು. ಎರಡು ಭಾಷೆಯ ಅಂಗಳಗಳಲ್ಲಿ ಕೂತು ಎದ್ದವರಿಗೆ ಅದು ಸಹಜವಾಗಿಯೇ ಬಂದಿರಬೇಕು ಎಂದು ನನಗೆ ಅನ್ನಿಸುತ್ತದೆ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ ೧೮೦೦ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆ ನೋಡಿ ಬರಲು ಕಳಿಸಿದರು. ಅವನು ಕೋಲಾರ, ಚಿಕ್ಕಬಳ್ಳಾಪುರದ ಕಡೆಯೂ ಬಂದ. ದಿನಕ್ಕೆ ಸ್ವಲ್ಪ ಸ್ವಲ್ಪ ದೂರ ಸಾಗಿ, ಸಿಕ್ಕ ರೈತರನ್ನೆಲ್ಲ ಮಣ್ಣು, ರಾಗಿ, ಕೆರೆ, ಕಂದಾಯ ಎಂದು ಕೇಳಿ ಬರೆದುಕೊಂಡ. ಕಂಪನಿಗೆ ಬೇಕಾಗಿದ್ದು ಹೊಸದಾಗಿ ಕೈಗೆ ಬಂದ ಸೀಮೆಯ ಲೆಕ್ಕ. ಆದರೂ ಅವನು ನಿಂತು ಕೇಳಿ ಬರೆದದ್ದರಿಂದ ಇನ್ನೂರು ವರ್ಷದ ಹಿಂದಿನ ನಮ್ಮ ಬೇಸಾಯ ಹೇಗಿತ್ತೆಂದು ಇಂದಿಗೂ ಓದಬಹುದು.

ಇನ್ನೊಬ್ಬರು ನಮ್ಮ ಜಿಲ್ಲೆಯವರೇ, ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರು. ೧೯೩೫ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಹೊರಟಾಗ ಅವರ ಕೈಯಲ್ಲಿ ಬಸ್ ಚಾರ್ಜಿಗೆ ದುಡ್ಡಿರಲಿಲ್ಲ. ಎರಡು ದಿನ ನಡೆದೇ ಬೆಂಗಳೂರು ಮುಟ್ಟಿದರು. ಮುಂದೆ ಅದೇ ಹುಡುಗ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು, ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ಬರಲು ಕಾರಣರಾದರು. ಅವರ ಆತ್ಮಕಥೆಯ ಹೆಸರೇ 'ಹೋರಾಟದ ಹಾದಿ'. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಈಗ ನಮ್ಮ ನಡಿಗೆ. ಒಂದು ವರ್ಷ ಸಂಕ್ರಾಂತಿ ಮುಗಿದ ಮೇಲೆ ನಾನು ಮತ್ತು ಹುಬ್ಬಳ್ಳಿ ಕಡೆಯ ಒಬ್ಬ ಸಹೋದ್ಯೋಗಿ ಐದು ದಿನ ರಜೆ ಹಾಕಿ ಸಾದಲಿಯಿಂದ ಹೊರಟೆವು. ಮೊದಲ ದಿನ ತಲಕಾಯಲಬೆಟ್ಟದ ಕಡೆ ಹೋಗಿ, ಅಲ್ಲಿಂದ ಶಿಡ್ಲಘಟ್ಟದ ದಾರಿ ಹಿಡಿದು, ಚಿಕ್ಕಬಳ್ಳಾಪುರ ದಾಟಿ ನಂದಿ ಗ್ರಾಮ, ಕೊನೆಗೆ ಮೆಟ್ಟಿಲ ದಾರಿಯಲ್ಲಿ ನಂದಿಬೆಟ್ಟ. ಬೆನ್ನಿಗೆ ಒಂದು ಚೀಲ, ಎರಡು ಬಾಟಲಿ ನೀರು, ಹೊದೆಯಲು ಒಂದು ಕಂಬಳಿ. ನನ್ನ ಅಮ್ಮ ಕಡಲೆಕಾಯಿ ಉಂಡೆ ಕಟ್ಟಿಕೊಟ್ಟಿದ್ದರು. ನಮ್ಮಪ್ಪ ಮಾತ್ರ, "ಬಸ್ ಇರೋವಾಗ ಯಾಕೆ ನಡೀತೀರಿ?" ಎಂದು ಕೇಳುತ್ತಲೇ ಇದ್ದರು.

ಕೆರೆ ಏರಿ ಮೇಲೆ ಒಬ್ಬ ತಾತ ದನ ಕಾಯುತ್ತಿದ್ದರು. ದೂರದಿಂದಲೇ, "ಏ ಊರಪ್ಪಾ ಮೀದಿ?" ಎಂದರು. ನಾನು ಸಾದಲಿ ಎಂದೆ. ತಕ್ಷಣ ಭಾಷೆ ಕನ್ನಡಕ್ಕೆ ತಿರುಗಿತು. "ಯಾರ ಮಗ?" ಅಪ್ಪನ ಹೆಸರು ಹೇಳಿದೆ, ತಾತನ ಹೆಸರು ಹೇಳಿದೆ. ಮೂರನೆಯ ಹೆಸರಿಗೆ ಅವರ ಮುಖ ಅರಳಿತು. ನನ್ನ ಗೆಳೆಯನಿಗೆ ಆಶ್ಚರ್ಯ. ಅವನು ಊಹಿಸಿದ್ದು, ನಮ್ಮನ್ನು ಅನುಮಾನದಿಂದ ವಿಚಾರಿಸುತ್ತಿದ್ದಾರೆ ಎಂದು. ನಾನು ಹೇಳಿದೆ, "ಇಲ್ಲಪ್ಪ, ಅವರು ನಮಗೊಂದು ಸಂಬಂಧ ಹುಡುಕುತ್ತಿದ್ದಾರೆ. ಸಿಕ್ಕರೆ ಮಜ್ಜಿಗೆ ಬರುತ್ತೆ." ಮಜ್ಜಿಗೆಯೂ ಬಂತು.

ಆ ತಾತನ ಮನೆತನ ಹಿಂದೆ ನೀರುಗಂಟಿ ಕೆಲಸ ಮಾಡಿದ್ದು. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು. ಅವರು ಕೋಲಿನಿಂದ ಮಣ್ಣಿನ ಮೇಲೆ ಗೆರೆ ಎಳೆದು ತೋರಿಸಿದರು. ಮೇಲಿನ ಬೆಟ್ಟದಿಂದ ಬರುವ ಕಾಲುವೆ ಇದು, ಇದು ಈ ಕೆರೆಯ ಕೋಡಿ, ಕೋಡಿ ನೀರು ಹೋಗುವುದು ಕೆಳಗಿನ ಊರಿನ ಕೆರೆಗೆ, ಅದರ ಕೋಡಿ ಇನ್ನೊಂದಕ್ಕೆ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ಈ ಬೆಟ್ಟಗಳ ಕಡೆಯಿಂದಲೇ ಹೊರಟು ಬೇರೆ ಸೀಮೆಗೆ ಹೋಗುತ್ತವೆ. ಮಳೆ ಬಿದ್ದಾಗ ಹಿಡಿದಿಟ್ಟುಕೊಂಡಷ್ಟೇ ನಮ್ಮದು. ಅದಕ್ಕೇ ಹಿರಿಯರು ಒಂದರ ಕೆಳಗೊಂದು ಕೆರೆ ಕಟ್ಟಿ, ಸರದ ಹಾಗೆ ಪೋಣಿಸಿದರು. ಶಾಲೆಯಲ್ಲಿ ಸಮಾಜ ವಿಜ್ಞಾನದ ಪಾಠದಲ್ಲಿ 'ಕೆರೆ ನೀರಾವರಿ' ಎಂದು ಎರಡು ಅಂಕದ ಪ್ರಶ್ನೆ ಬರೆದಿದ್ದೆ. ಅದರ ಅರ್ಥ ತಿಳಿದದ್ದು ಆ ಏರಿಯ ಮೇಲೆ.

ಎರಡನೆಯ ದಿನ ಬಂಡೆಗಳ ನಡುವೆ ಮೇಕೆ ಕಾಯುವ ಒಬ್ಬ ಅಕ್ಕ ಸಿಕ್ಕರು. ನಮ್ಮ ಬೆಟ್ಟಗಳು ಮಲೆನಾಡಿನ ಹಾಗೆ ಹಸಿರಲ್ಲ. ಬರೀ ಬಂಡೆ, ಕುರುಚಲು ಎಂದು ನಾವೇ ತಾತ್ಸಾರ ಮಾಡುತ್ತೇವೆ. ಈ ಕಲ್ಲಿನ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಹಿಮಾಲಯ ಇದರ ಮುಂದೆ ನಿನ್ನೆ ಹುಟ್ಟಿದ ಕೂಸು. ಆ ಅಕ್ಕನಿಗೆ ಈ ಲೆಕ್ಕ ಬೇಕಾಗಿಲ್ಲ. ಯಾವ ಬಂಡೆಯ ದೊಣೆಯಲ್ಲಿ ಶಿವರಾತ್ರಿಯವರೆಗೆ ನೀರು ನಿಲ್ಲುತ್ತದೆ, ಯಾವುದರಲ್ಲಿ ಯುಗಾದಿಯವರೆಗೆ ಇರುತ್ತದೆ ಎಂಬ ಲೆಕ್ಕ ಅವರ ಬಳಿ ಇತ್ತು. ತಂಗಡಿ, ಬಂದರಿಕೆ, ಕಾರೆ, ಜಾಲಿ ಎಂದು ಒಂದೊಂದು ಗಿಡ ತೋರಿಸಿ ಯಾವುದನ್ನು ಮೇಕೆ ತಿನ್ನುತ್ತದೆ, ಯಾವುದನ್ನು ಮುಟ್ಟುವುದಿಲ್ಲ ಎಂದು ಹೇಳಿದರು. ಚಿರತೆ ಇದೆಯಾ ಎಂದು ಕೇಳಿದ್ದಕ್ಕೆ, "ಇದೆ. ಅದರ ಹೊತ್ತಿಗೆ ನಾವು ಇರಬಾರದು, ನಮ್ಮ ಹೊತ್ತಿಗೆ ಅದು ಬರಲ್ಲ" ಎಂದರು. ಸಂಜೆ ಐದಕ್ಕೆ ನಮ್ಮನ್ನೂ ಮೇಕೆಗಳ ಜೊತೆಗೇ ಕೆಳಗೆ ಹೊಡೆದುಕೊಂಡು ಬಂದರು. ದೂರದಲ್ಲಿ ನೀಲಗಿರಿ ತೋಪು ಕಾಣುತ್ತಿತ್ತು. "ಆ ಮರದ ಕೆಳಗೆ ಹುಲ್ಲೂ ಇಲ್ಲ, ಮೇಕೆಗೆ ಸೊಪ್ಪೂ ಇಲ್ಲ" ಎಂದರು. ೨೦೧೭ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದೆಂದು ಆದೇಶ ಮಾಡಿತು. ಆದೇಶಕ್ಕೆ ಮೊದಲೇ ಈ ಮಾತನ್ನು ಮೇಕೆ ಕಾಯುವವರು ಎಷ್ಟು ವರ್ಷದಿಂದ ಹೇಳುತ್ತಿದ್ದರೋ!

ಆ ರಾತ್ರಿ ಒಬ್ಬ ರೇಷ್ಮೆ ರೈತರ ಜಗಲಿಯಲ್ಲಿ ಮಲಗಿದೆವು. ಹುಳು ನಾಲ್ಕನೆಯ ಜ್ವರ ದಾಟಿ ಮೇವಿಗೆ ಕೂತಿದ್ದವು. ಹುಳು ಮನೆಯ ಬಾಗಿಲಲ್ಲಿ ನಿಂತರೆ ಒಳಗೆ ಸಣ್ಣ ಮಳೆ ಸುರಿಯುವ ಸದ್ದು. ಅದು ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು. ನಿಮಗೆಲ್ಲ ಇದು ದಿನನಿತ್ಯದ ಮಾತು. ನನ್ನ ಗೆಳೆಯ ಮಾತ್ರ ಬಾಗಿಲಲ್ಲೇ ಅರ್ಧ ಗಂಟೆ ನಿಂತುಬಿಟ್ಟ. ಅವನ ಅಕ್ಕನ ಮದುವೆಗೆ ರೇಷ್ಮೆ ಸೀರೆ ತೆಗೆದಿದ್ದಾರೆ. ಆದರೆ ಹುಳು ತನ್ನ ಜೀವಮಾನದ ಮೇವಿನ ಮುಕ್ಕಾಲು ಪಾಲಿಗೂ ಹೆಚ್ಚನ್ನು ಈ ಕೊನೆಯ ಏಳೆಂಟು ದಿನದಲ್ಲೇ ತಿನ್ನುತ್ತದೆ, ಆ ದಿನಗಳಲ್ಲಿ ಮನೆಯವರಿಗೆ ಹಗಲು ರಾತ್ರಿ ಇಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಆ ಮನೆಯ ಅಮ್ಮ ರಾತ್ರಿ ಹತ್ತಕ್ಕೆ ಸೊಪ್ಪು ಹಾಕಿ, ಮತ್ತೆ ನಸುಕಿನಲ್ಲಿ ಎದ್ದರು. ನಾವು ಎದ್ದು ಸೊಪ್ಪು ಹೊತ್ತುಕೊಟ್ಟೆವು. ಅಷ್ಟಕ್ಕೇ ಅವರು, "ಬಂದ ನೆಂಟರ ಕೈಲಿ ಕೆಲಸ ಮಾಡಿಸಿದೆನಲ್ಲ" ಎಂದು ಪೇಚಾಡಿಕೊಂಡರು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನೂ ನೋಡಿದೆವು. ರಾಮನಗರದ ಜೊತೆಗೆ ರಾಜ್ಯದ ಅತಿ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಅದೂ ಒಂದು. ಅಲ್ಲಿ ಒಬ್ಬ ರೀಲರ್ ಒಂದೇ ಉಸಿರಿನಲ್ಲಿ ಉರ್ದು, ತೆಲುಗು, ಕನ್ನಡ ಮೂರರಲ್ಲೂ ಮಾತಾಡುತ್ತಿದ್ದರು. ನಂತರ ಅವರ ನೂಲು ತೆಗೆಯುವ ಘಟಕಕ್ಕೆ ಕರೆದುಕೊಂಡು ಹೋದರು. ಬಿಸಿ ನೀರಿನಲ್ಲಿ ಗೂಡಿನ ಎಳೆ ಹುಡುಕುವ ಹೆಣ್ಣುಮಕ್ಕಳ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಫೋಟೋ ತೆಗೆಯಲು ಗೆಳೆಯ ಫೋನ್ ಎತ್ತಿದವನು, ಅವರನ್ನು ಕೇಳಿದ. ಒಬ್ಬರು "ಬೇಡಪ್ಪ" ಎಂದರು. ಅವನು ಫೋನ್ ಜೇಬಿಗೆ ಹಾಕಿದ. ಆಮೇಲೆ ಅವರೇ ಎಳೆ ಹೇಗೆ ಸಿಗುತ್ತದೆಂದು ತೋರಿಸಿಕೊಟ್ಟರು.

ಕೊನೆಯ ದಿನ ಮೆಟ್ಟಿಲು ಹತ್ತಿ ನಂದಿಬೆಟ್ಟದ ತುದಿ ಮುಟ್ಟಿದೆವು. ಎತ್ತರ ೧,೪೭೮ ಮೀಟರ್. ೧೯೨೭ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ತಂಗಿದ್ದ ಬೆಟ್ಟ. ಮೇಲಿನಿಂದ ಪೂರ್ವಕ್ಕೆ ನೋಡಿದಾಗ ಮಂಜಿನಲ್ಲಿ ಕೆರೆಗಳು ಅಲ್ಲಲ್ಲಿ ಹೊಳೆಯುತ್ತಿದ್ದವು. ಮೊದಲು ಎಷ್ಟೋ ಸಲ ನೋಡಿದ ನೋಟವೇ. ಈ ಸಲ ಅಲ್ಲಿ ತಾತನ ಏರಿ ಯಾವ ಕಡೆ, ರೇಷ್ಮೆ ಮನೆ ಯಾವ ಕಡೆ ಎಂದು ನಾವಿಬ್ಬರೂ ಕೈ ತೋರಿಸಿ ವಾದ ಮಾಡುತ್ತಿದ್ದೆವು.

ಇದನ್ನೆಲ್ಲ ಕೇಳಿ ನಡಿಗೆ ಎಂದರೆ ಬರೀ ಸುಖ ಎಂದುಕೊಳ್ಳಬೇಡಿ. ದಾರಿಯಲ್ಲಿ ಹೊಲದಲ್ಲಿದ್ದ ಒಬ್ಬ ರೈತರು ನನಗೆ ಒಂದು ಮಾತು ಹೇಳಿದರು. "ನಿಮಗೆ ನಡಿಗೆ ಹವ್ಯಾಸ ಅಪ್ಪ. ನಮಗೆ ಬಸ್ ಬರದೆ ಇರೋದಕ್ಕೆ ನಡಿಗೆ." ನನಗೆ ಉತ್ತರ ಹೊಳೆಯಲಿಲ್ಲ. ನರಸಿಂಹಯ್ಯನವರ ಮಾತು ನೆನಪಿಡಿ ಎಂದದ್ದು ಇದಕ್ಕೇ. ಅವರು ಎರಡು ದಿನ ನಡೆದದ್ದು ನಿಸರ್ಗದ ಸೊಬಗು ಸವಿಯಲಿಕ್ಕಲ್ಲ. ಇಂದಿಗೂ ಈ ಶಾಲೆಗೆ ದೂರದ ಹಳ್ಳಿಗಳಿಂದ ನಡೆದು ಬರುವ ಮಕ್ಕಳಿದ್ದಾರೆ. ಅವರಿಗೆ ನಿಧಾನದ ಮಹಿಮೆ ಹೇಳುವುದಕ್ಕಿಂತ ಸರಿಯಾದ ಹೊತ್ತಿಗೆ ಒಂದು ಬಸ್ ಬರುವಂತೆ ಮಾಡುವುದು ನಮ್ಮ ಕರ್ತವ್ಯ. ಸಂಬಳ ಬರುವ ರಜೆಯಲ್ಲಿ ನಡೆಯುವ ನನ್ನಂಥವನು ಯಾರ ಜಗಲಿಯಲ್ಲಿ ಮಲಗಿದೆ, ಯಾರ ಮಜ್ಜಿಗೆ ಕುಡಿದೆ ಎಂಬ ಋಣವನ್ನು ಮರೆಯುವ ಹಾಗಿಲ್ಲ.

ಇನ್ನೊಂದು ಮಾತು ಕಳೆದ ತಿಂಗಳು ಪೂರ್ವಭಾವಿ ಸಭೆಗೆ ಬಂದಾಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಕೇಳಿದ್ದು. "ಅಣ್ಣ, ನೀವು ಗಂಡಸರು, ಯಾರ ಮನೆ ಜಗಲಿಯಲ್ಲಾದರೂ ಮಲಗ್ತೀರ. ನಮ್ಮನ್ನ ಬೆಟ್ಟದ ಬುಡಕ್ಕಾದರೂ ಕಳಿಸ್ತಾರಾ?" ಈ ಪ್ರಶ್ನೆಯನ್ನು ಇಲ್ಲಿ ಕೂತಿರುವ ತಂದೆತಾಯಂದಿರ ಮುಂದೆ ಹಾಗೆಯೇ ಇಡುತ್ತಿದ್ದೇನೆ. ಮೇಕೆ ಕಾಯುವ ಅಕ್ಕ ದಿನಾ ಬೆಟ್ಟಕ್ಕೆ ಹೋಗುತ್ತಾರೆ, ಸೊಪ್ಪು ಕೊಯ್ಯಲು ಹೆಣ್ಣುಮಕ್ಕಳು ನಸುಕಿನಲ್ಲಿ ತೋಟಕ್ಕೆ ಹೋಗುತ್ತಾರೆ. ಕೆಲಸಕ್ಕಾದರೆ ದಾರಿ ಇದೆ, ನೋಡುವುದಕ್ಕೆ, ಕಲಿಯುವುದಕ್ಕೆ ಯಾಕಿಲ್ಲ?

ಹೊರಗಿನಿಂದ ಬರುವ ಪ್ರವಾಸಿಗರ ವಿಷಯವನ್ನೂ ಹೇಳಬೇಕು. ಕುಕ್ಕೆ ಸುಬ್ರಹ್ಮಣ್ಯದ ಕುಮಾರಪರ್ವತಕ್ಕೆ ಹೋದವರನ್ನು ಕೇಳಿ ನೋಡಿ. ೧,೭೧೨ ಮೀಟರ್ ಎತ್ತರದ ತುದಿಗಿಂತ ಮೊದಲು ಅವರು ಹೇಳುವುದು ದಾರಿಯ ಗಿರಿಗದ್ದೆಯಲ್ಲಿ ಭಟ್ಟರ ಮನೆಯ ಅನ್ನ ಸಾರನ್ನು. ೨೦೨೪ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಅದೇ ಬೆಟ್ಟಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದರು. ಆಮೇಲೆ ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನ್ ಟಿಕೆಟ್ ವ್ಯವಸ್ಥೆ ತಂದಿತು. ನಮ್ಮ ಪಕ್ಕದ ಸ್ಕಂದಗಿರಿಗೂ ಈಗ ಮುಂಗಡ ಬುಕಿಂಗ್ ಇದೆ. ನಾಳೆ ನಮ್ಮ ತಲಕಾಯಲಬೆಟ್ಟದ ಫೋಟೋ ಯಾರೋ ಮೊಬೈಲಿನಲ್ಲಿ ಹಾಕಿ, ವಾರಕ್ಕೆ ಇನ್ನೂರು ಬೈಕು ಬಂದರೆ? ದೊಣೆಯ ನೀರಿನಲ್ಲಿ ಬಾಟಲಿ ತೇಲಿದರೆ ಮೇಕೆ ಎಲ್ಲಿ ಕುಡಿಯಬೇಕು? ಬರುವವರನ್ನು ಬೇಡ ಎನ್ನಬೇಕಿಲ್ಲ. ಆದರೆ ಯಾವ ದಾರಿ, ಯಾವ ಹೊತ್ತು, ಕಸ ಎಲ್ಲಿ, ಊಟಕ್ಕೆ ಎಷ್ಟು ಕೊಡಬೇಕು ಎಂಬುದನ್ನು ಊರಿನವರೇ ಕೂತು ಮೊದಲೇ ತೀರ್ಮಾನಿಸಿಕೊಂಡರೆ ಒಳ್ಳೆಯದು.

ಇದಕ್ಕಿಂತ ಅವಸರದ ಕೆಲಸ ಒಂದಿದೆ. ನಮ್ಮ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳ ಕಥೆ ಪ್ರತಿ ಮನೆಯಲ್ಲಿದೆ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆಲವು ಕೆರೆಗಳಿಗೆ ಬರುತ್ತಿದೆ. ಅದನ್ನು ಮೂರನೆಯ ಹಂತದವರೆಗೆ ಶುದ್ಧ ಮಾಡಿ ಎಂಬ ಬೇಡಿಕೆಯೂ ಇದೆ. ೨೦೨೧ರ ನವೆಂಬರಿನ ಮಳೆ ನಿಮಗೆಲ್ಲ ನೆನಪಿದೆ. ಎಷ್ಟೋ ವರ್ಷದ ನಂತರ ಕೆರೆಗಳು ಕೋಡಿ ಹೋದವು. ಮುಚ್ಚಿಹೋದ ಕಾಲುವೆಗಳ ಕಡೆ ನೀರು ಹೊಲಕ್ಕೆ, ರಸ್ತೆಗೆ, ಮನೆಗೆ ನುಗ್ಗಿತು. ನನ್ನ ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರ ತೆರೆದರೆ ನಮ್ಮ ಕೆರೆಗಳೆಲ್ಲ ಕಾಣುತ್ತವೆ. ಯಾವ ಕಾಲುವೆ ಯಾವ ಕೆರೆಗೆ ನೀರು ತರುತ್ತಿತ್ತು, ಅದನ್ನು ಎಲ್ಲಿ ಮುಚ್ಚಿದ್ದಾರೆ ಎಂಬುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅದು ಏರಿಯ ಮೇಲಿನ ತಾತನಂಥವರಿಗೆ ಗೊತ್ತು. ಅವರಿಗೆ ಎಂಬತ್ತು ದಾಟಿದೆ. ಅವರ ಮೊಮ್ಮಕ್ಕಳು ನನ್ನ ಹಾಗೆ ಬೆಂಗಳೂರಿನಲ್ಲಿದ್ದಾರೆ. ಇನ್ನು ಹತ್ತು ವರ್ಷ ಕಳೆದರೆ ಕೇಳಲು ಯಾರೂ ಇರುವುದಿಲ್ಲ.

ಆದ್ದರಿಂದ ಈ ಸುವರ್ಣ ಮಹೋತ್ಸವದ ನೆನಪಿಗೆ ನಮ್ಮ ಬ್ಯಾಚಿನವರು ಒಂದು ಸಲಹೆ ಇಡುತ್ತಿದ್ದೇವೆ. ಮುಖ್ಯೋಪಾಧ್ಯಾಯರು ಒಪ್ಪಿದರೆ, ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೊದಲ ಭಾನುವಾರ ಒಂಬತ್ತನೆಯ ತರಗತಿಯ ಹುಡುಗರು, ಹುಡುಗಿಯರು ಇಬ್ಬರೂ ಶಿಕ್ಷಕರು ಮತ್ತು ಕೆಲವು ತಾಯಂದಿರ ಜೊತೆ ಒಂದು ಕೆರೆಯಿಂದ ಅದರ ಕೆಳಗಿನ ಕೆರೆಯವರೆಗೆ ಕಾಲುವೆ ಹಿಡಿದು ನಡೆಯಬೇಕು. ದಾರಿಯಲ್ಲಿ ಸಿಗುವ ಹಿರಿಯರನ್ನು ಮಾತಾಡಿಸಿ ಕಾಲುವೆ, ತೂಬು, ದೊಣೆ, ಗಿಡ, ಹಕ್ಕಿ ಎಲ್ಲದರ ಹೆಸರನ್ನು ಅವರು ಹೇಳಿದ ಹಾಗೆಯೇ, ಕನ್ನಡವಾದರೆ ಕನ್ನಡ, ತೆಲುಗಾದರೆ ತೆಲುಗು, ಬರೆದುಕೊಳ್ಳಬೇಕು. ಯಾರು ಹೇಳಿದರು ಎಂಬುದನ್ನೂ ಅವರ ಒಪ್ಪಿಗೆ ಕೇಳಿ ಬರೆಯಬೇಕು. ಆ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿ ಇರಲಿ. ಪಂಚಾಯಿತಿಯವರು ಕಾಲುವೆ ತೆರವು ಮಾಡುವಾಗ ತೆಗೆದು ನೋಡಲು ಒಂದು ದಾಖಲೆಯಾಗುತ್ತದೆ. ನೋಟ್‌ಬುಕ್, ಟೋಪಿ, ಮಧ್ಯಾಹ್ನದ ಊಟದ ಖರ್ಚು ನಮ್ಮ ಬ್ಯಾಚಿನದು. ನಕ್ಷೆ ಮಾಡುವ ಕೆಲಸ ನನ್ನದು.

ಮೊದಲ ನಡಿಗೆಗೆ ನಾನೂ ಬರುತ್ತೇನೆ. ಏರಿಯ ಮೇಲಿನ ತಾತನನ್ನು ಹೋಗಿ ಕೇಳಿದ್ದೇನೆ, ದಾರಿ ತೋರಿಸಲು ಒಪ್ಪಿದ್ದಾರೆ. ಒಂದೇ ಷರತ್ತು ಹಾಕಿದ್ದಾರೆ: ಬೆಳಗ್ಗೆ ಏಳಕ್ಕೇ ಹೊರಡಬೇಕು, ಬಿಸಿಲು ಏರಿದ ಮೇಲೆ ಬಂದವರನ್ನು ಕಾಯುವುದಿಲ್ಲ ಎಂದಿದ್ದಾರೆ. ಮಕ್ಕಳೇ, ನೀರಿನ ಬಾಟಲಿ ಮರೆಯಬೇಡಿ, ಗಟ್ಟಿ ಚಪ್ಪಲಿ ಹಾಕಿಕೊಂಡು ಬನ್ನಿ. ತಾತ "ಯಾರ ಮಗ, ಯಾರ ಮಗಳು?" ಎಂದು ಕೇಳಿಯೇ ಕೇಳುತ್ತಾರೆ. ಅಪ್ಪ, ಅಮ್ಮ, ತಾತ, ಅಜ್ಜಿ ಇಷ್ಟು ಜನರ ಹೆಸರು ಮನೆಯಲ್ಲಿ ಕೇಳಿ ತಿಳಿದುಕೊಂಡು ಬನ್ನಿ.